ಜೀಪು ಏರಿದ ಅಂಬಲಿ ಗಡಿಗೆ

ಹನ್ನೊಂದು ವರ್ಷಗಳಿಂದ ಸುಗಂಧಾ ತಗ್ಗಿನಲ್ಲಿರುವ ಯಾವ ಮನೆಗೂ ಊಟಕ್ಕೆ ಹೋಗಿರಲಿಲ್ಲ. ತಗ್ಗಿನ ಮನೆಯವರ ಮೇಲೆ ಅವಳಿಗೇನೂ ಸಿಟ್ಟಿರಲಿಲ್ಲ. ಅವಳ ಗಂಡ ವಿರೂಪಾಕ್ಷನ ಜೀಪಿಗೆ ಸ್ಟಾರ್ಟರ್ ಇರಲಿಲ್ಲ, ಅಷ್ಟೇ.

(ಮೊದಲು ಇತ್ತು. ಮೂರು ಸಲ ದುರಸ್ತಿಯೂ ಆಗಿತ್ತು. ನಾಲ್ಕನೆಯ ಸಲ ಉದಗೀರದ ಮಿಸ್ತ್ರಿ ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದು, "ಸಾಕ್ರಿ ಸಾಹೇಬ್ರ, ಇದಕ್ಕ ಇನ್ನ ತ್ರಾಸ ಕೊಡಬ್ಯಾಡ್ರಿ" ಎಂದಿದ್ದ. ಅಂಥ ಮಾತನ್ನು ಸಾಮಾನ್ಯವಾಗಿ ವೈದ್ಯರು ಆಡುತ್ತಾರೆ.)

ಸ್ಟಾರ್ಟರ್ ಇಲ್ಲದ ಗಾಡಿಯನ್ನು ಇಳಿಜಾರಿನಲ್ಲೇ ನಿಲ್ಲಿಸಬೇಕು. ಹೊರಡುವಾಗ ಬ್ರೇಕು ಸಡಿಲಿಸಿ, ಗಾಡಿ ತಾನಾಗಿ ಉರುಳತೊಡಗಿದ ಮೇಲೆ ಕ್ಲಚ್ಚು ಬಿಟ್ಟರೆ ಇಂಜಿನ್ನು ಕೆಮ್ಮಿ ಎಚ್ಚರಗೊಳ್ಳುತ್ತದೆ. ಅವರಿದ್ದ ಔರಾದ ಶಹಾಜನಿ ಗಡಿನಾಡಿನ, ರೊಟ್ಟಿಯ ಹಂಚಿನಷ್ಟು ಚಪ್ಪಟೆಯಾದ ಊರು. ಅಲ್ಲಿ ಇಳಿಜಾರು ಹುಡುಕುವುದು ಎಲ್ಲರಿಂದ ಆಗುವ ಕೆಲಸವಲ್ಲ. ವಿರೂಪಾಕ್ಷ ಹುಡುಕಿದ್ದ, ಸಿಗದಲ್ಲಿ ಕಟ್ಟಿಸಿದ್ದ. ಮನೆಯ ಮುಂದೆ ಮುರುಮು ಮಣ್ಣು ಸುರಿಸಿ ಒಂದು ದಿಬ್ಬ ಮಾಡಿಸಿದ್ದ. ನಿಲಂಗಾ ಕೋರ್ಟಿನಲ್ಲಿ ಅವನು ಕಾರಕೂನ. ಅಲ್ಲಿ ಹುಣಸೆಮರದ ಹಿಂದೆ ನೆಲ ಗಟಾರದ ಕಡೆಗೆ ತುಸು ಇಳಿಯುತ್ತದೆ, ಆ ಜಾಗದಲ್ಲಿ ಬೇರೆ ಯಾರೂ ಗಾಡಿ ನಿಲ್ಲಿಸುತ್ತಿರಲಿಲ್ಲ. ಬಂಧುಗಳ ಪೈಕಿ ಎತ್ತರದಲ್ಲಿ ಮನೆ ಕಟ್ಟಿದ್ದವರು ಇಬ್ಬರೇ. ಅವರ ಮನೆಗೆ ಈ ದಂಪತಿ ಎಷ್ಟು ಸಲ ಹೋದರೆಂದರೆ, ಜೀಪಿನ ಸಪ್ಪಳ ಕೇಳಿದೊಡನೆ ಅವರು ಒಳಗಿನಿಂದ ಅಗಳಿ ಹಾಕುವುದನ್ನು ಕಲಿತಿದ್ದರು. ಗುಡಿಗೆ ಹೋದರೆ ಇಂಜಿನ್ನು ಓಡುತ್ತಲೇ ಇರಬೇಕು. ಹೀಗಾಗಿ ಸುಗಂಧಾ ದೇವರಿಗೆ ಐದರ ಬದಲು ಒಂದೇ ಸುತ್ತು ಹಾಕಿ, ಅದನ್ನೂ ಅರ್ಧ ಓಡುತ್ತ ಹಾಕಿ, ಹಾರಿ ಕೂಡಬೇಕಾಗಿತ್ತು.

"ಮಂದಿ ಮನಿ ನೋಡಿ ಬೀಗತನ ಮಾಡ್ತಾರ," ಎನ್ನುತ್ತಿದ್ದಳು ಆಕೆ. "ನಾವು ಮನಿ ಮುಂದಿನ ಇಳುಕಲು ನೋಡಿ ಮಾಡ್ತೀವಿ."

"ಗಾಡಿ ಅಂದ್ರ ಗಾಡಿ," ಎನ್ನುತ್ತಿದ್ದ ವಿರೂಪಾಕ್ಷ. "ಕಾಡು, ಕಲ್ಲು, ಹಳ್ಳ, ಕೆಸರು ಏನೇ ಬರ್ಲಿ, ನಾಕೂ ಗಾಲಿ ಎಳೀತಾವ."

"ನಿಲಂಗಾ ರಸ್ತಾದಾಗ ಎಲ್ಲದ್ರಿ ಕಾಡು?"

ನಾಲ್ಕೂ ಗಾಲಿಗಳಿಗೆ ಬಲ ಕೊಡುವ ಸಣ್ಣ ಗೇರಿನ ಕಡ್ಡಿ ಅವನ ಮೊಣಕಾಲ ಬಳಿ ಹನ್ನೊಂದು ವರ್ಷಗಳಿಂದ ಸುಮ್ಮನೆ ನಿಂತಿತ್ತು. ದಿನಾಲೂ ಡಾಂಬರು ರಸ್ತೆಯ ಮೇಲೆ ಕಚೇರಿಗೆ ಹೋಗಿ ಬರುವ ಗಾಡಿಗೆ ಅದರ ಅಗತ್ಯ ಬಿದ್ದಿರಲಿಲ್ಲ. ವಿರೂಪಾಕ್ಷ ಪ್ರತಿ ಸೋಮವಾರ ಅದನ್ನು ಬಟ್ಟೆಯಿಂದ ಒರೆಸುತ್ತಿದ್ದ.

ಎಳ್ಳಮಾಸಿಗೆ, ಅಂದರೆ ಹೊಲದಲ್ಲಿ ಆಚರಿಸುವ ಎಳ್ಳು ಅಮಾವಾಸ್ಯೆಗೆ, ಎರಡು ದಿನ ಇರುವಾಗ ಸುಗಂಧಾಳ ಅಣ್ಣ ಕಾಶೆಪ್ಪ ಉದಗೀರದಿಂದ ಹೊಸ ಬಿಳಿ ಕಾರಿನಲ್ಲಿ ಬಂದಿಳಿದ. ಬೇಳೆಯ ವ್ಯಾಪಾರಿ, ಹರಿವೆಸೊಪ್ಪಿನ ಕಟ್ಟಿಗೂ ಮುಂಗಡವಾಗಿ ಬೆಲೆ ಮಾತಾಡಿ ಮುಗಿಸಿಬಿಡುವ ಮನುಷ್ಯ. ಚಹಾ ಮುಗಿಯುವ ಮೊದಲೇ ಜೀಪು ಮಾರುವ ಮಾತೂ ಮುಗಿದಿತ್ತು.

"ದಾಜೀ," ಎಂದ. ತಂಗಿಯ ಗಂಡನನ್ನು ಅವನು ಆ ಸೀಮೆಯ ರೂಢಿಯಂತೆ ಹಾಗೇ ಕರೆಯುತ್ತಿದ್ದ. "ಗಿರಾಕಿ ಸಿಕ್ಕಾನ. ಯೆಣೆಗೂರ ಹೈವೇದಾಗ ನಾಗಣ್ಣ ಅಂತ, ಧಾಬಾ ಅದ ಅಂವಂದು. ಎಳ್ಳಮಾಸಿ ಮರುದಿವಸ ಲಾರಿ ಕಳಸ್ತಾನ."

"ಧಾಬಾಕ್ಕ ಜೀಪ್ಯಾಕ? ಕಾಯಿಪಲ್ಲೆ ತರ್ಲಿಕ್ಕೇನು?"

"ಓಡಸಂಗಿಲ್ಲ್ರಿ. ಧಾಬಾದ ಮುಂದ ಒಂದು ಕಟ್ಟಿ ಕಟ್ಟಸ್ತಾನ. ಅದರ ಮ್ಯಾಲ ನಿಲ್ಲಸಿ, ಬಣ್ಣದ ಲೈಟ ಹಚ್ತಾನ. ಊಟಕ್ಕ ಬಂದ ಮಂದಿ ಫೋಟೋ ತಗೋತಾರ."

ವಿರೂಪಾಕ್ಷ ಚಹಾದ ಬಸಿಯನ್ನು ಕೆಳಗಿಟ್ಟ. ಅವನ ಕಣ್ಣಮುಂದೆ ಚಿತ್ರ ಸ್ಪಷ್ಟವಾಗಿ ಬಂತು: ಕಟ್ಟೆಯ ಮೇಲೆ ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿದ ಜೀಪು, ಬಾನೆಟ್ಟಿನ ಮೇಲೆ ಹಸಿರು ಕೆಂಪು ದೀಪ, ತನ್ನ ಸೀಟಿನ ಮೇಲೆ ದಾಲ್ ತಡಕಾ ತಿಂದ ಯಾರೋ. ಹನ್ನೊಂದು ವರ್ಷ ಮನೆಯ ಭಾರ ಹೊತ್ತವನನ್ನು ಚೌಕದಲ್ಲಿ ಪುತ್ಥಳಿ ಮಾಡಿ ನಿಲ್ಲಿಸಿದ ಹಾಗೆ. ಆದರೆ ಪುತ್ಥಳಿಯಾಗಲು ಮೊದಲು ಸಾಯಬೇಕು, ಜೀಪು ಇನ್ನೂ ಬದುಕಿತ್ತು.

"ನಾ ಕೊಡಂಗಿಲ್ಲ."

"ಕೊಡ್ತಾರ ಬಿಡು ಅಣ್ಣಾ," ಎಂದಳು ಸುಗಂಧಾ.

ಈ ಖಟ್ಲೆಯ ತೀರ್ಪು ಕೊಡಲು ಮನೆಯಲ್ಲಿ ಒಬ್ಬರೇ ಇದ್ದರು. ಅವರು ವಿರೂಪಾಕ್ಷನ ತಾಯಿ ಶಿವಗಂಗಾಬಾಯಿ. ವಯಸ್ಸು ಎಪ್ಪತ್ತನಾಲ್ಕು, ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಆಕೆ ಹೊಲದಲ್ಲಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲುವ ಅಂಬಲಿಗೆ ಮಜ್ಜಿಗೆ ಅಳೆಯುತ್ತ ಅಡುಗೆಮನೆಯಿಂದಲೇ ತಡೆಯಾಜ್ಞೆ ಹೊರಡಿಸಿದರು.

"ಎಳ್ಳಮಾಸಿ ಆಗ್ಲಿ. ಅಂಬಲಿ ಗಡಿಗಿ ಹೊಲ ಮುಟ್ಟಸಿದ್ದು ಯಾವ ಗಾಡಿ, ಅದೇ ಖರೇ ಗಾಡಿ. ಜೀಪು ಮುಟ್ಟಸಿದ್ರ ಮನ್ಯಾಗ ಇರ್ಲಿ, ಇಲ್ಲಾಂದ್ರ ಹೋಗ್ಲಿ. ಅಲ್ಲೀತನಕ ಇನ್ನೊಂದು ಮಾತು ನನ್ನ ಮುಂದ ಆಡಬ್ಯಾಡ್ರಿ."

ಆ ಮನೆತನಕ್ಕೆ ಒಂದು ಕಟ್ಟಳೆ ಇತ್ತು. ಎಳ್ಳಮಾಸಿಯ ದಿನ ದೇವರ ಮುಂದಿನಿಂದ ಎತ್ತಿದ ಅಂಬಲಿ ಗಡಿಗೆ ಹೊಲದ ಕೊಪ್ಪಿಯ ಮುಂದೆಯೇ ಇಳಿಯಬೇಕು. ನಡುವೆ ಎಲ್ಲಿಯೂ ನೆಲ ಮುಟ್ಟಬಾರದು. ಕೊಪ್ಪಿ ಎಂದರೆ ಜೋಳದ ಕಣಿಕೆಯ ಪುಟ್ಟ ಗುಡಿಸಲು, ಒಳಗೆ ಸುಣ್ಣ ಬಳಿದ ಐದು ಕಲ್ಲಿನ ಪಾಂಡವರು. ಮೊದಲೆಲ್ಲ ಶಿವಗಂಗಾಬಾಯಿ ಮೂರು ಮೈಲಿ ಗಡಿಗೆಯನ್ನು ತಲೆಯ ಮೇಲೆ ಹೊತ್ತು ನಡೆದಿದ್ದರು. ಈಗ ಮೊಣಕಾಲು ಒಪ್ಪುತ್ತಿರಲಿಲ್ಲ. ಗಡಿಗೆ ತೊಡೆಯ ಮೇಲೆ ಹೋಗುತ್ತಿತ್ತು, ಕಟ್ಟಳೆ ಮಾತ್ರ ತಲೆಯ ಮೇಲೇ ಇತ್ತು.

"ನನ್ನ ಗಾಡ್ಯಾಗೇ ಬರ್ಲಿ ಅತ್ತೀ," ಎಂದ ಕಾಶೆಪ್ಪ ಕೂಡಲೇ. "ಎಸಿ ಅದ. ಅಂಬಲಿ ಹುಳಿ ಸೈತ ಏರಂಗಿಲ್ಲ."

ಬೀಗರ ಮಾತು. ಶಿವಗಂಗಾಬಾಯಿ ಒಪ್ಪಿದರು. ಹೊಲದ ದಾರಿ ಒಣಗಿ ಗಟ್ಟಿಯಾಗಿತ್ತು; ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ ಹೊಸ ಕಾರು ಹೋಗುವುದು ಖಚಿತವಿತ್ತು. ಆ ಸಂಜೆ ವಿರೂಪಾಕ್ಷ, ಸೋಮವಾರವಲ್ಲದಿದ್ದರೂ, ಸಣ್ಣ ಗೇರಿನ ಕಡ್ಡಿಯನ್ನು ಒರೆಸಿದ.

ಮರುದಿನ ಮಧ್ಯಾಹ್ನ ಕಾಲವಲ್ಲದ ಕಾಲದಲ್ಲಿ ಮಳೆ ಬಂತು. ಅರ್ಧ ತಾಸು ಬಿದ್ದು ನಿಂತಿತು. ಊರೆಲ್ಲ ಕಡಲೆಯ ಹೂವು ಉದುರೀತು ಎಂದು ಮರುಗುತ್ತಿದ್ದಾಗ ಒಬ್ಬ ಮನುಷ್ಯ ಮಾತ್ರ ಅಂಗಳದಲ್ಲಿ ನಿಂತು ಮುಖದ ಮೇಲೆ ಹನಿ ಬೀಳಿಸಿಕೊಳ್ಳುತ್ತಿದ್ದ. (ತನ್ನ ಹೊಲದಲ್ಲೂ ಕಡಲೆ ಇದೆ ಎಂಬುದು ಅವನಿಗೆ ಆಮೇಲೆ ನೆನಪಾಯಿತು.)

ಎಳ್ಳಮಾಸಿಯ ಬೆಳಿಗ್ಗೆ ಮೆರವಣಿಗೆ ಹೊರಟಿತು. ಮುಂದೆ ಬಿಳಿ ಕಾರು. ಅದರಲ್ಲಿ ಕಾಶೆಪ್ಪ, ಪಕ್ಕದಲ್ಲಿ ತೊಡೆಯ ಮೇಲೆ ಗಡಿಗೆ ಹಿಡಿದ ಶಿವಗಂಗಾಬಾಯಿ, ಹಿಂದೆ ಸುಗಂಧಾ. ಅದರ ಹಿಂದೆ ಜೀಪು. ಅದರಲ್ಲಿ ವಿರೂಪಾಕ್ಷ, ಸಜ್ಜಿ ರೊಟ್ಟಿಯ ಬುಟ್ಟಿ, ಕಾಳು-ಸೊಪ್ಪಿನ ಭಜ್ಜಿ ಪಲ್ಲೆಯ ಬೋಗುಣಿ. ಡಾಂಬರು ರಸ್ತೆ ಬಿಟ್ಟು ಎರಡು ಬೇಲಿಗಳ ನಡುವಿನ ಹೊಲದ ದಾರಿಗೆ ಇಳಿದು ಕಾರು ನೂರು ಹೆಜ್ಜೆ ಹೋಯಿತು. ಮುಂದೆ ಹೋಗಲಿಲ್ಲ. ಎರೆಮಣ್ಣು ಅದರ ಗಾಲಿಗಳನ್ನು ಅಪ್ಪಿಕೊಂಡಿತ್ತು. ಕಾಶೆಪ್ಪ ಇಂಜಿನ್ನು ಏರಿಸಿದಷ್ಟೂ ಗಾಲಿ ಇದ್ದಲ್ಲೇ ತಿರುಗಿ, ಕೆಸರನ್ನು ಬಿಳಿ ಬಾಗಿಲಿಗೆ ಬಳಿಯಿತು.

"ಇಳೀರಿ ಅತ್ತೀ, ಭಾರ ಕಡಿಮಿ ಆಗ್ಲಿ."

"ನಾ ಹ್ಯಾಂಗ ಇಳೀಲಿ? ಗಡಿಗಿ ಎಲ್ಲಿಡ್ಲಿ, ನಿನ್ನ ತಲೀ ಮ್ಯಾಲೇನು?"

ಹಿಂದೆ ವಿರೂಪಾಕ್ಷ ಜೀಪಿನ ಸ್ಟೇರಿಂಗಿನಿಂದ ಎಡಗೈ ತೆಗೆದ. ಮೊಣಕಾಲ ಬಳಿಯ ಸಣ್ಣ ಕಡ್ಡಿಯನ್ನು ಮುಟ್ಟಿದ. ಎಳೆದ. ಜೀಪಿನ ಹೊಟ್ಟೆಯೊಳಗೆ ಎಲ್ಲೋ ಕಬ್ಬಿಣಕ್ಕೆ ಕಬ್ಬಿಣ ಕೂಡಿದ ಗಂಭೀರ ನಾದ ಕೇಳಿತು. ಜೀಪು ಒಮ್ಮೆ ನಡುಗಿ, ಬೇಲಿಯ ಅಂಚು ಹಿಡಿದು, ಹದಿನಾರು ವರ್ಷದ ಹೋರಿಯಂತೆ ಕಾರಿನ ಮಗ್ಗುಲಿಗೆ ನುಗ್ಗಿ ಬಂದಿತು. (ಹೋರಿಗಳು ಅಷ್ಟು ವರ್ಷ ಹಾಗೆ ನುಗ್ಗುವುದಿಲ್ಲ, ನಿಜ. ಆದರೆ ಆ ಹೊತ್ತಿನಲ್ಲಿ ವಿರೂಪಾಕ್ಷನಿಗೆ ಹಾಗೇ ಅನಿಸಿತು.) ಬಾಗಿಲಿಗೆ ಬಾಗಿಲು ಕೂಡಿತು. ಸುಗಂಧಾ ಜೀಪಿಗೆ ದಾಟಿ ನಿಂತು ಗಡಿಗೆಯನ್ನು ಎದೆಗವಚಿಕೊಂಡಳು. ಶಿವಗಂಗಾಬಾಯಿ ಇಳಕಲ್ ಸೀರೆಯ ನಿರಿಗೆ ಎತ್ತಿ ಮುಂದಿನ ಸೀಟಿಗೆ ದಾಟಿ, ಗಡಿಗೆಯನ್ನು ಮರಳಿ ತೊಡೆಗೆ ತೆಗೆದುಕೊಂಡರು. ಒಂದು ಹನಿಯೂ ಚೆಲ್ಲಲಿಲ್ಲ.

ಇಷ್ಟಕ್ಕೆ ಹೊರಟಿದ್ದರೆ ಈ ಕಥೆ ವಿರೂಪಾಕ್ಷನದೇ ಆಗಿ ಉಳಿಯುತ್ತಿತ್ತು.

"ದಾಜೀ, ನನ್ನ ಗಾಡೀನೂ ಜರಾ ಎಳೀರಲ್ಲ," ಎಂದ ಕಾಶೆಪ್ಪ ಕಿಟಕಿಯಿಂದ.

"ಏನಂದ್ರಿ? ಇಂಜಿನ್ ಸಪ್ಪಳ ಭಾಳ ಅದ, ಕೇಳಸಲಿಲ್ಲ."

"ಎಳೀರಿ ಅಂದೆ!"

"ಯಾವ ಗಾಡೀಲಿಂದ?"

"ಈ ಜೀಪಿನಿಂದ್ರಿ!"

"ಧಾಬಾದ ಮುಂದ ನಿಲ್ಲಸೋದು ಅಂತಿದ್ರಲ್ಲ, ಆ ಜೀಪೇನು? ತಡೀರಿ, ಸುಗಂಧಾಗೂ ಕೇಳಸ್ಲಿ, ಇನ್ನೊಮ್ಮೆ ಹೇಳ್ರಿ."

ಇನ್ನೊಮ್ಮೆ ಕೇಳುವ ಆಸೆಯಿಂದ ವಿರೂಪಾಕ್ಷ ಸೀಟಿನಿಂದ ಅರ್ಧ ಎದ್ದು ಹಿಂದಕ್ಕೆ ಬಾಗಿದ. ಕೆಸರಾದ ಬೂಟು ಕ್ಲಚ್ಚಿನಿಂದ ಜಾರಿತು. ಜೀಪು ಒಂದು ಸಲ ಜಿಗಿದು, ಸುಮ್ಮನಾಯಿತು.

ಸುತ್ತಲಿನ ಹೊಲಗಳಲ್ಲಿ ಹಕ್ಕಿಗಳಿದ್ದದ್ದು ಆಗ ಗೊತ್ತಾಯಿತು.

"ಯಾಕಲೇ ವಿರೂಪ್ಯಾ," ಎಂದರು ಶಿವಗಂಗಾಬಾಯಿ ಮೆಲ್ಲಗೆ, "ಇದರ ಉಸರೇ ನಿಂತಂಗಾತು?"

"ನಿಂತದವ್ವಾ."

"ಗಡಿಗಿ ಹಿಡದು ನನ್ನ ಕೈ ಸೋತಾವ."

ವಿರೂಪಾಕ್ಷ ಇಳಿದು, ಕೆಸರಿನಲ್ಲಿ ಮೊಣಕಾಲೂರಿ, ದಾರಿಯನ್ನು ಕಣ್ಣಿನ ಮಟ್ಟದಿಂದ ನೋಡಿದ. ಬೇರೆಯವರಿಗೆ ಅದು ಸಪಾಟು ನೆಲ. ಹನ್ನೊಂದು ವರ್ಷ ಪಳಗಿದ ಆ ಕಣ್ಣಿಗೆ, ಮುಂದಿನ ಹಳ್ಳದ ಕಡೆಗೆ ನಾಲ್ಕು ಬೆರಳಿನ ಇಳಿಜಾರು ಕಂಡಿತು.

"ಸುಗಂಧಾ, ನೀ ಸ್ಟೇರಿಂಗ್ ಹಿಡಿ. ಕಾಶಣ್ಣಾ, ನೀವು ಇಳದು ಬರ್ರಿ, ದಬ್ಬೋಣು."

"ನನಗ ಓಡಸ್ಲಿಕ್ಕ ಎಲ್ಲಿ ಬರ್ತದ್ರಿ?"

"ಹನ್ನೊಂದು ವರ್ಷ ಬಾಜೂಕ ಕುಂತು ತಪ್ಪು ತೆಗದೀ ಅಲಾ, ಅಷ್ಟು ಸಾಕು. ನಾ ಹೂಂ ಅಂದಾಗ ಕ್ಲಚ್ ಬಿಡು. ಚಾಲೂ ಆತಂದ್ರ, ಏನರೇ ಆಗ್ಲಿ, ನಿಲ್ಲಸಬ್ಯಾಡ!"

ಬುಟ್ಟಿ ಹೊತ್ತು ತಮ್ಮ ಹೊಲಕ್ಕೆ ಹೊರಟಿದ್ದ ಇಬ್ಬರು ರೈತರೂ ಹೆಗಲು ಕೊಟ್ಟರು. ನಾಲ್ವರು ದಬ್ಬಿದರು. ಜೀಪು ಮಿಸುಕಿತು, ಉರುಳಿತು. "ಹೂಂ!" ಎಂದ ವಿರೂಪಾಕ್ಷ. ಇಂಜಿನ್ನು ಕೆಮ್ಮಿತು, ಗುಡುಗಿತು. ಕಾಶೆಪ್ಪ ಹಿಡಿದಿದ್ದ ಆಸರೆ ಮುಂದೆ ಓಡಿದ್ದರಿಂದ ಅವನು ಕೆಸರಿನಲ್ಲಿ ಬೋರಲಾಗಿ ಮಲಗಿದ. ಸಂಸಾರದ ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಸುಗಂಧಾ ಗಂಡನ ಮಾತನ್ನು ಅಕ್ಷರಶಃ ಪಾಲಿಸಿದಳು. ನಿಲ್ಲಿಸಲಿಲ್ಲ.

ಹಳ್ಳ ಬಂತು. ಜೀಪು ಇಳಿದು ಏರಿತು. ನೀರಿನ ಎರಡು ರೆಕ್ಕೆಗಳ ನಡುವೆ ಶಿವಗಂಗಾಬಾಯಿಯ ದನಿ ಕೇಳಿತು, "ಜೋರ್ಲೆ ಹೊಡಿ ಸುಗಂಧಾ, ಚಲೋ ಅನಸ್ಲತ್ತದ!"

ವಿರೂಪಾಕ್ಷ ಹಿಂದೆ ಓಡಿದ. ಒಂದು ಬೂಟು ದಾರಿಯಲ್ಲಿ ಉಳಿಯಿತು. ಅದನ್ನು ಹುಡುಕಲು ಬಾಗಿದಾಗ ಇನ್ನೊಂದೂ ಉಳಿಯಿತು. ಅರ್ಧ ತಾಸಿನ ಮೇಲೆ ಅವನೂ ಕಾಶೆಪ್ಪನೂ ಕೆಸರಿನ ಎರಡು ಗೊಂಬೆಗಳಾಗಿ ಹೊಲ ತಲುಪಿದಾಗ, ಅಕ್ಕಪಕ್ಕದ ಹೊಲಗಳ ಮಂದಿಯೆಲ್ಲ ಅಲ್ಲಿ ಸೇರಿತ್ತು. ನಡುವೆ ಕೊಪ್ಪಿ. ಅದರ ಸುತ್ತಲಿನ ಖಾಲಿ ಜಾಗದಲ್ಲಿ ಜೀಪು ಇನ್ನೂ ತಿರುಗುತ್ತಿತ್ತು. ನಿಲ್ಲಿಸಿದರೆ ಆರೀತು ಎಂಬ ಭಯದಿಂದ ಸುಗಂಧಾ ಸುತ್ತು ಹಾಕುತ್ತಲೇ ಇದ್ದಳು. ಸಿಕ್ಕ ಅವಕಾಶವನ್ನು ಬಿಡುವ ಹೆಂಗಸಲ್ಲದ ಶಿವಗಂಗಾಬಾಯಿ, ಬೇವಿನ ಟೊಂಗೆಯನ್ನು ಗಡಿಗೆಯಲ್ಲಿ ಅದ್ದಿ, ಜೀಪಿನಿಂದಲೇ ಅಂಬಲಿ ಚಿಮುಕಿಸುತ್ತ, "ಹುಲಿಗ್ಯೋ! ಹುಲಿಗ್ಯೋ!" ಎಂದು ರೂಢಿಯ ಕೂಗು ಹಾಕುತ್ತ ಚರಗ ಚೆಲ್ಲುತ್ತಿದ್ದರು. ಮಂದಿ ಹಿಂದೆ ಓಡುತ್ತ ದನಿಗೂಡಿಸುತ್ತಿತ್ತು. ಪಾಂಡವರಿಗೆ ಅಷ್ಟು ದೊಡ್ಡ ಪ್ರದಕ್ಷಿಣೆ ಈ ಹಿಂದೆ ಆಗಿರಲಾರದು.

ಏಳನೆಯ ಸುತ್ತಿಗೆ ಸುಗಂಧಾ ಜೀಪನ್ನು ಬದುವಿನ ಏರಿಗೆ ಹತ್ತಿಸಿ, ಮೂತಿ ಕೆಳಗೆ ಮಾಡಿ, ಅಚ್ಚುಕಟ್ಟಾಗಿ ನಿಲ್ಲಿಸಿದಳು. ಗಡಿಗೆ ಕೊಪ್ಪಿಯ ಮುಂದೆ ಇಳಿಯಿತು.

"ಅರೇ ವಾಹ್, ವೈನೀ!" ಎಂದ ನೆರೆಹೊಲದವನೊಬ್ಬ. "ಟ್ರ್ಯಾಕ್ಟರೇ ಬರ್ಲಿಲ್ಲ ಇವತ್ತ, ನೀವು ಬಂದ್ರಲ್ಲ!"

ಶಿವಗಂಗಾಬಾಯಿ ತೀರ್ಪು ಓದಿದರು. "ಕಾಶೆಪ್ಪಾ, ಆ ಧಾಬಾದಾಂವಗ ಫೋನ್ ಹಚ್ಚು. ಲಾರಿ ಬ್ಯಾಡ ಅನ್ನು. ಈ ಗಾಡಿ ಮನ್ಯಾಗೇ ಇರ್ತದ."

ಕಾಶೆಪ್ಪ ಕೆಸರು ಒರೆಸಿಕೊಂಡು ಫೋನ್ ಹಚ್ಚಿದ. ವಿರೂಪಾಕ್ಷ ಬರಿಗಾಲಲ್ಲಿ ನಿಂತು ಆ ಸಂಭಾಷಣೆಯನ್ನು ಮೊದಲಿನಿಂದ ಕೊನೆಯವರೆಗೆ ಆಲಿಸಿದ. ಭಜ್ಜಿ ಅಷ್ಟು ರುಚಿಯಾಗಿ ಅವನಿಗೆ ಎಂದೂ ಹತ್ತಿರಲಿಲ್ಲ. ಸಂಜೆ ಬಿಳಿ ಕಾರನ್ನು ಹಗ್ಗ ಕಟ್ಟಿ ಎಳೆದದ್ದೂ ಜೀಪೇ. ನಡೆಸಿದ್ದು ಸುಗಂಧಾ, ಅವಳ ಕೈ ಈಗ ಪಳಗಿದೆ ಎಂದು ಎಲ್ಲರೂ ಅಭಿಪ್ರಾಯಪಟ್ಟದ್ದರಿಂದ ವಿರೂಪಾಕ್ಷ ಕಾರಿನ ಹಿಂದೆ ನಿಂತು ದಬ್ಬಿದ.

ಮರುದಿನ ಬೆಳಿಗ್ಗೆ ಅವನು ಇಸ್ತ್ರಿಯ ಅಂಗಿ ತೊಟ್ಟು, ಊಟದ ಡಬ್ಬಿ ಹಿಡಿದು ಹೊರಬಂದ. ದಿಬ್ಬ ಖಾಲಿ ಇತ್ತು.

"ಅವ್ವಾ, ಜೀಪೆಲ್ಲಿ?"

"ಸುಗಂಧಾ ಕಡ್ಲಿ ನೋಡ್ಲಿಕ್ಕ ಹೊಲಕ್ಕ ಹೋದ್ಳು. ಬಾಜೂ ಮನಿ ಶೇವಂತಾಬಾಯಿನ್ನೂ, ಆ ಓಣಿ ನಾಕು ಹೆಣ್ಣಮಕ್ಕಳನ್ನೂ ಕರ್ಕೊಂಡು ಹೋಗ್ಯಾಳ. ಬರ್ತಾ ತಗ್ಗಿನ ಓಣ್ಯಾಗ ಯಾರ್ದೋ ಮನ್ಯಾಗ ಊಟ ಅಂತ. ದಬ್ಬಲಿಕ್ಕ ಮಂದಿ ಅದಾರಲ್ಲ ಈಗ."

"ಮತ್ತ ನಾ ಕಚೇರಿಗಿ ಹ್ಯಾಂಗ ಹೋಗ್ಲಿ?"

ಶಿವಗಂಗಾಬಾಯಿ ಮಗನನ್ನು ಮೇಲಿನಿಂದ ಕೆಳಗೆ ನೋಡಿದರು. "ಡಾಂಬರಿ ರಸ್ತಾದಾಗ ಹೋಗಾಂವಗ ಅಂಥಾ ಗಾಡಿ ಯಾಕ್ಲೇ?"

ನಿಲಂಗಾದ ಎಸ್‌ಟಿ ಬಸ್ಸಿನಲ್ಲಿ ವಿರೂಪಾಕ್ಷನಿಗೆ ಕೊನೆಯ ಸಾಲಿನಲ್ಲಿ ಜಾಗ ಸಿಕ್ಕಿತು. ದಿನಾಲೂ ರಸ್ತೆಯಲ್ಲಿ ಅವನ ಜೀಪಿನ ಹೊಗೆ ಕುಡಿಯುತ್ತಿದ್ದ ಕಂಡಕ್ಟರ್ ಗುರುತು ಹಿಡಿದು ಕೌತುಕದಿಂದ ಹತ್ತಿರ ಬಂದ.

"ಏನ್ರಿ ಸಾಹೇಬ್ರ, ಇವತ್ತ ಎಸ್‌ಟಿಯಾಗ? ಜೀಪ ಮಾರಿಬಿಟ್ರೇನು?"

"ಮಾರೋದಾ!" ವಿರೂಪಾಕ್ಷ ಎದೆ ಉಬ್ಬಿಸಿ, ಡಬ್ಬಿಯನ್ನು ತೊಡೆಯ ಮೇಲೆ ಸರಿಯಾಗಿ ಕೂಡಿಸಿಕೊಂಡ. "ಮಂದಿ ಎಲ್ಲಾ ಮಾರಸ್ಲಿಕ್ಕ ನಿಂತಿದ್ರು. ನಾ ಬಿಡ್ಲಿಲ್ಲ. ನಾನೇ ಗೆದ್ದೀನಿ. ನಿಲಂಗಾ ಒಂದು ಕೊಡ್ರಿ."

"ಹೋಗಿ ಬರೋದು ದಿನಾಲೂ ಏನು?"

ವಿರೂಪಾಕ್ಷ ಕಿಟಕಿಯ ಹೊರಗೆ ನೋಡಿದ.

"ಪಾಸ್ ಮಾಡಸಿದ್ರ ಸೋವಿ ಬೀಳ್ತದೇನು?" ಎಂದು ಕೇಳಿದ.