ಭೂಗೋಳದ ಮೇಷ್ಟ್ರು ಕಡಲಿಗೆ ಕಾರು ಇಳಿಸಿದ್ದು

ಚಳ್ಳಕೆರೆಯ ಹೈಸ್ಕೂಲಿನಲ್ಲಿ ಹನ್ನೆರಡು ವರ್ಷ ಭೂಗೋಳ ಕಲಿಸಿದವನು ನಾನು. ಕರಾವಳಿಯ ನಕ್ಷೆಯನ್ನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಹಾಗಾಗಿ ತೊಂಬತ್ತರ ದಶಕದ ಕೊನೆಯಲ್ಲಿ ಹಳೇ ಕಾರೊಂದನ್ನು ಕೊಂಡವನೇ, ದಸರಾ ರಜೆಗೆ ಕಾರವಾರದಿಂದ ಹೊನ್ನಾವರದವರೆಗೆ ಕಡಲ ಬದಿಯ ಪ್ರವಾಸ ಘೋಷಿಸಿಬಿಟ್ಟೆ.

ಹೊರಟದ್ದು ಅವ್ವನಿಗಾಗಿ. ಕೊಂಡ್ಲಹಳ್ಳಿಯ ಬಯಲಲ್ಲಿ ಕುರಿ ಕಾಯ್ದು ನನ್ನನ್ನು ಓದಿಸಿದ ಅವ್ವ ಅರವತ್ತು ದಾಟಿದರೂ ಸಮುದ್ರ ಕಂಡಿರಲಿಲ್ಲ.

ನಾನು ಡ್ರೈವಿಂಗ್ ಕಲಿತದ್ದು ರಾಂಪುರದ ಕಡೆಯ ನೆಟ್ಟಗಿನ ರಸ್ತೆಯಲ್ಲಿ. ಅಲ್ಲಿ ಸ್ಟೀರಿಂಗ್ ತಿರುಗಿಸುವ ಪ್ರಸಂಗವೇ ಕಡಿಮೆ! ಇಲ್ಲಿ, ಕಾರವಾರ ದಾಟಿದ ಮೇಲೆ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆ ಮೊರೆಯುವ ಕಡಲು.

"ರೀ, ಸೈಕಲ್‌ನೋನು ನಮ್ಮನ್ನ ಹಿಂದೆ ಹಾಕಿ ಹೋದ!" ಎಂದಳು ಹೆಂಡತಿ ಶಾರದ.

"ಅವ್ವ ದೃಶ್ಯ ನೋಡ್ಲಿ ಅಂತ ನಿಧಾನಕ್ಕೆ ಹೋಗ್ತಿದೀನಿ," ಎಂದೆ. ಗೇರು ಎರಡನೆಯದನ್ನು ದಾಟಿರಲಿಲ್ಲ.

ಬಂಡೆಗಳ ನಡುವೆ ಪುಟ್ಟ ಮರಳ ದಂಡೆ ಕಂಡಿತು. ಕಾರನ್ನು ನೀರಿನ ಹತ್ತಿರಕ್ಕೇ ಇಳಿಸಿದೆ.

"ಲೇ, ಮರಳು ಹಸಿ ಐತೆ. ಇಲ್ಲಿ ಬ್ಯಾಡ," ಎಂದಳು ಅವ್ವ.

"ಅವ್ವಾ, ನಮ್ಮ ವೇದಾವತಿ ಹೊಳೆ ಮರಳಲ್ಲಿ ಲಾರಿಗಳೇ ಓಡಾಡ್ತಾವೆ!"

ಬಂಡೆಯ ಮೇಲೆ ಕೂತು ರೊಟ್ಟಿ ತಿಂದು ತಿರುಗಿ ನೋಡುತ್ತೇನೆ, ಕಾರಿನ ಗಾಲಿ ಕಾಣುತ್ತಿಲ್ಲ. ಸಮುದ್ರ ಅದನ್ನು ನೋಡಲು ತಾನೇ ಎದ್ದು ಬಂದಿತ್ತು!

ನನ್ನ ಕೂಗಿಗೆ ಎಂಟು ಜನ ಮೀನುಗಾರರು ಓಡಿಬಂದರು. ಹಗ್ಗ ಕಟ್ಟಿದರು, ಎಳೆದರು. ನಾನು ಒಳಗೆ ಕೂತು ಗಂಭೀರವಾಗಿ ಸ್ಟೀರಿಂಗ್ ಹಿಡಿದೆ. ಕಾರು ಅಲುಗಲಿಲ್ಲ. ಮತ್ತೆ ಎಳೆದರು. ಒಬ್ಬ ಬಿದ್ದ.

ಶಾರದ ಕಿಟಕಿಗೆ ಬಂದು ಮೆಲ್ಲಗೆ ಕೇಳಿದಳು: "ಹ್ಯಾಂಡ್‌ಬ್ರೇಕ್ ತೆಗ್ದಿದೀರಾ?"

ತೆಗೆದಿರಲಿಲ್ಲ.

ಕಾರು ಮೇಲೆ ಬಂತು. ಬಿದ್ದವನು ಮರಳು ಕೊಡವಿಕೊಂಡು ಕೇಳಿದ: "ಉಬ್ಬರದ ಹೊತ್ತಲ್ವಾ ಮಾರಾಯ್ರೆ! ಎಂತ ಕೆಲ್ಸ ನಿಮ್ದು?"

ನಾನು ಇಳಿದು ಹಗ್ಗ ಬಿಚ್ಚತೊಡಗಿದೆ. ಉತ್ತರ ಕೊಟ್ಟದ್ದು ಶಾರದ. "ಭೂಗೋಳದ ಮೇಷ್ಟ್ರು. ಉಬ್ಬರ, ಇಳಿತ ಎಲ್ಲಾ ಇವರೇ ಪಾಠ ಮಾಡೋದು."

ಎಂಟೂ ಜನ ಬಿದ್ದು ಬಿದ್ದು ನಕ್ಕರು.

ಇಷ್ಟರಲ್ಲಿ ಅವ್ವ ಎಲ್ಲಿ? ಮೊಣಕಾಲುದ್ದ ನೀರಲ್ಲಿ ಸೀರೆ ಎತ್ತಿ ಹಿಡಿದು ನಿಂತಿದ್ದಳು. ಅಲೆ ಬಂದಾಗಲೆಲ್ಲ "ಹೋ!" ಎಂದು ಮಂದೆ ತಿರುಗಿಸುವವಳ ಹಾಗೆ ಕೂಗಿ ನಗುತ್ತಿದ್ದಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಒಂದು ಕ್ಷಣ ಕಾರು ಮರೆತೇಹೋಯಿತು.

ಆದರೆ ಉಪ್ಪುನೀರು ಕುಡಿದ ಎಂಜಿನ್ ಏಳಲಿಲ್ಲ. ಮೀನಿನ ಲಾರಿಯೊಂದು ನಮ್ಮನ್ನು ಹೊನ್ನಾವರದ ಗ್ಯಾರೇಜಿಗೆ ಎಳೆದೊಯ್ಯಲು ಒಪ್ಪಿತು. ಅವ್ವ, ಶಾರದ ಲಾರಿಯಲ್ಲಿ ಡ್ರೈವರ್ ಪಕ್ಕ ಎತ್ತರದಲ್ಲಿ ಕೂತರು. ನಾನು ಹಿಂದೆ, ಹಗ್ಗದ ತುದಿಯಲ್ಲಿ, ಮೀನಿನ ನೀರು ಗಾಜಿಗೆ ಸಿಡಿಯುತ್ತಿರಲು ಸ್ಟೀರಿಂಗ್ ಹಿಡಿದು ಕೂತೆ.

ಗ್ಯಾರೇಜಿನ ಮುಂದೆ ಇಳಿದ ಅವ್ವನ ಮುಖ ಅರಳಿತ್ತು.

"ಎಂಥಾ ಚೆಂದದ ದಾರಿನೋ ಮಗಾ! ಕಡಲು, ಬಂಡೆ, ದೋಣಿ... ನೀನೂ ನೋಡಿದ್ಯಾ?"

"ನೋಡಿದೆ ಅವ್ವಾ," ಎಂದೆ. "ಲಾರಿ ನಂಬರ್ ಬಾಯಿಪಾಠ ಆಗೈತೆ."