ಪೀಕನ್ ಪೈಗೆ ಬಿದ್ದ ತೆರಿಗೆ

ಆ ವರ್ಷ ಡೆಲ್ಬರ್ಟ್ ಕುಬೇನಾನ ಮನೆ ಮೇಲೆ ಬಿದ್ದ ಶಾಲಾ ತೆರಿಗೆ ನೋಡಿದರೆ, ಶಾಲೆಯನ್ನು ಅವನ ಹಿತ್ತಲಲ್ಲೇ ಕಟ್ಟುತ್ತಿದ್ದಾರೇನೋ ಅನ್ನಿಸುವಂತಿತ್ತು. ಇನ್ನೊಂದು ವರ್ಷ ಹೀಗೇ ಬಂದರೆ ಮನೆ ಮಾರುವುದೇ ಗತಿ. ಮನೆ ಮೇಲಿನ ತೆರಿಗೆ ಕಿತ್ತುಹಾಕಿ ಅದರ ಬದಲು ವ್ಯಾಟ್ ಹಾಕಿ ಎಂದು ಆ ಸಂಜೆ ಶಾಲೆಯಲ್ಲಿ ಸೇರುವ ಸಭೆಯಲ್ಲಿ ಊರವರ ಕೈ ಎತ್ತಿಸಿ, ಟೆಕ್ಸಸ್ ಸರ್ಕಾರಕ್ಕೆ ಠರಾವು ಕಳಿಸಿಯೇ ತೀರುವುದೆಂದು ಅವನು ಹಟ ತೊಟ್ಟಿದ್ದ.

ಬೆಳಗ್ಗೆ ತನ್ನ ಕ್ಷೌರದಂಗಡಿಯಲ್ಲೇ ಪ್ರಚಾರ ಶುರುಮಾಡಿದ.

"ಕೈಯಿಂದ ಕೈಗೆ ಹೋಗ್ತಾ ಬೆಲೆ ಎಷ್ಟು ಏರುತ್ತೋ ಅಷ್ಟಕ್ಕೆ ತೆರಿಗೆ. ಅಷ್ಟೇ ವ್ಯಾಟು!"

ಕುರ್ಚಿಯಲ್ಲಿದ್ದ ಮೇವಿನಂಗಡಿ ರೂಫಸ್ ಕನ್ನಡಿ ನೋಡಿಕೊಂಡ. ತಲೆ ಮೇಕೆ ಮೇಯ್ದ ಹೊಲದಂತಾಗಿತ್ತು. "ನೀನು ಕತ್ತರಿ ಆಡಿಸಿದ ಮೇಲೆ ನನ್ನ ಬೆಲೆ ಇಳೀತಲ್ಲೋ ಮಾರಾಯ. ಸರ್ಕಾರ ನಂಗೇ ದುಡ್ಡು ಕೊಡ್ಬೇಕು!"

ಬೆಂಚಿನ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಇವರಿಗೆ ಹೇಳಿದರೆ ಆಗದು, ಮಾಡಿಯೇ ತೋರಿಸಬೇಕು ಎಂದುಕೊಂಡ ಡೆಲ್ಬರ್ಟ್.

ಸಭೆಗೆ ಮುಂಚೆ ಪ್ರತಿವರ್ಷ ಶಾಲೆಯ ಬ್ಯಾಂಡಿನ ಸಮವಸ್ತ್ರಕ್ಕಾಗಿ ಪೈ ಎಂಬ ಸಿಹಿತಿಂಡಿಯ ಹರಾಜು. ಗೆದ್ದವರು ಯಾರೂ ಪೈ ಒಯ್ಯುವುದಿಲ್ಲ; ದುಡ್ಡು ಕೊಟ್ಟು, ಪೈಯನ್ನೂ ಶಾಲೆಗೇ ಬಿಟ್ಟುಕೊಡುತ್ತಾರೆ. ಅದು ಮತ್ತೆ ಹರಾಜಿಗೆ. ಡೆಲ್ಬರ್ಟನ ಹೆಂಡತಿ ಅರ್ಲೀನ್ ಪೀಕನ್ ಬೀಜ ತುಂಬಿ ಮಾಡಿಕೊಟ್ಟ ಒಂದೇ ಪೈ ಹೀಗೆ ಅರ್ಧ ಊರನ್ನು ಸುತ್ತಿ ಬರುತ್ತಿತ್ತು.

"ಈ ಸಲ ಬಿಟ್ಟುಕೊಡೋದು ಬೇಡ," ಎಂದು ಡೆಲ್ಬರ್ಟ್ ವೇದಿಕೆ ಹತ್ತಿದ. "ಮೊದಲನೇ ಬೆಲೆ ಶಾಲೆಗೆ. ಆಮೇಲೆ ಕೊಂಡವರು ಮುಂದಿನವರಿಗೆ ಮಾರ್ಲಿ, ಲಾಭ ಅವರದ್ದೇ. ಏರಿದ ಬೆಲೆ ಮೇಲೆ ಶಾಲೆಗೆ ನೂರಕ್ಕೆ ಹತ್ತು ತೆರಿಗೆ. ಕಟ್ಟಿದ ತೆರಿಗೆನ ಮುಂದಿನವರ ಹತ್ರ ವಸೂಲಿ ಮಾಡ್ಕೊಳ್ಳಿ. ಕೊನೆಗೆ ಅದು ತಿನ್ನೋನ ಲೆಕ್ಕಕ್ಕೆ!"

ಬ್ಯಾಂಡ್ ಟೀಚರ್ ಇಬಾರಾ ಮೇಡಂ ಮುಖ ಸಣ್ಣದಾಯಿತು. "ಸಮವಸ್ತ್ರಕ್ಕೆ ಸಾಲುತ್ತಾ ಡೆಲ್ಬರ್ಟ್?"

"ಸಾಲದಿದ್ರೆ ನಾನಿದ್ದೀನಲ್ಲ!"

ದನ ಹರಾಜು ಹಾಕುವ ವೆಲ್ಡನ್ ಸುತ್ತಿಗೆ ಎತ್ತಿದ. ರೂಫಸ್ ಇಪ್ಪತ್ತು ಡಾಲರಿಗೆ ಕೊಂಡು ನಲವತ್ತಕ್ಕೆ ಮಾರಿದ. ಬ್ಯೂಟಿ ಪಾರ್ಲರಿನ ಬರ್ನಡೆಟ್ ಅದನ್ನು ಅವನಿಂದ ಕೊಂಡು ಮರುಮಾರಾಟಕ್ಕೆ ನಿಂತಳು. ಬೆಲೆ ತೊಂಬತ್ತಕ್ಕೇರಿ ಅಲ್ಲೇ ನಿಂತಿತು.

ಪೈ ನಿಂತರೆ ತನ್ನ ತೆರಿಗೆಯೂ ನಿಂತಂತೆ ಎಂದು ಡೆಲ್ಬರ್ಟನಿಗೆ ದಿಗಿಲಾಯಿತು. ಸ್ವಲ್ಪ ತಳ್ಳಿಬಿಟ್ಟರೆ ಮುಂದೆ ತಾನೇ ಉರುಳುತ್ತದೆ.

"ನೂರೈವತ್ತು!" ಎಂದು ತಾನೇ ಕೂಗಿದ.

ವೆಲ್ಡನ್ ಸುತ್ತಿಗೆ ಸಿಡಿಲಿನಂತೆ ಬಿತ್ತು. ಬರ್ನಡೆಟ್ ಪೈ ತಟ್ಟೆಯನ್ನು, ಅಳುವ ಮಗುವನ್ನು ಅಪ್ಪನಿಗೆ ದಾಟಿಸುವಂತೆ, ಅವನ ಕೈಗಿಟ್ಟಳು.

"ಈಗ ಇನ್ನೂರಕ್ಕೆ ಯಾರು?" ಎಂದ ಡೆಲ್ಬರ್ಟ್.

ಸಭೆ ಚಾವಣಿ ನೋಡಿತು.

"ನೂರೈವತ್ತಕ್ಕೇ ಕೊಡ್ತೀನಿ... ನೂರು? ರೂಫಸ್, ನೀನು?"

"ನಂಗೆ ಶುಗರ್ ಕಣಪ್ಪ. ಕೊನೆಗೆ ತಿನ್ನೋನ ಲೆಕ್ಕ ಅಂತ ನೀನೇ ಅಂದ್ಯಲ್ಲ, ತಿನ್ನು."

ಅರ್ಲೀನ್ ಮುಂದಿನ ಸಾಲಿನಿಂದ ಮೆಲ್ಲಗೆ ಹೇಳಿದಳು: "ಇದ್ರ ಜೋಡಿ ಮನೇಲಿ ಒಲೆ ಮೇಲಿದೆ ರೀ. ಬಿಟ್ಟಿ."

ಇಬಾರಾ ಮೇಡಂ ಲೆಕ್ಕ ಮುಗಿಸಿ ಹತ್ತಿರ ಬಂದರು. "ಬಂದದ್ದು ಒಂದು ಟೋಪಿಗೆ ಸಾಕು. ಪ್ಯಾಂಟು, ಕೋಟು ಬಾಕಿ. ನೀವಿದ್ದೀರಂತಲ್ಲ?"

ಅಷ್ಟರಲ್ಲಿ ರೂಫಸ್ ಎದ್ದು ನಿಂತ, ಜೇಬು ತಟ್ಟಿಕೊಳ್ಳುತ್ತ.

"ಬೆಳಗ್ಗೆ ನಕ್ಕಿದ್ದಕ್ಕೆ ಕ್ಷಮೆ ಇರ್ಲಿ. ಇಷ್ಟು ಒಳ್ಳೇ ತೆರಿಗೆ ನಾನು ಕಂಡೇ ಇಲ್ಲ. ನಾನು ಕಟ್ಟಿದ್ದೆಲ್ಲ ವಾಪಸ್ ಬಂತು, ಮೇಲೆ ಲಾಭ. ಕಟ್ಟಿದ್ದು ಡೆಲ್ಬರ್ಟ್ ಒಬ್ನೇ! ಠರಾವು ಆಗ್ಲೇಬೇಕು. ಕೈ ಎತ್ರಪ್ಪ!"

ಸಭೆಯ ತುಂಬ ಕೈಗಳು ಮೆಕ್ಕೆಜೋಳದ ಹೊಲದಂತೆ ಎದ್ದವು. ಅರ್ಲೀನಳದೂ ಎದ್ದಿತು. ವೆಲ್ಡನ್ ಎಣಿಸಿ ನೋಡಿದ. ಒಬ್ಬನದು ಮಾತ್ರ ಕಡಿಮೆ.

"ಯಾಕೋ ಡೆಲ್ಬರ್ಟ್, ಕೈ ಎತ್ತಲ್ವಾ?"

ಅವನ ಎರಡೂ ಕೈಯಲ್ಲಿ ಪೈ ಇತ್ತು. ಇರದಿದ್ದರೂ ಎತ್ತುತ್ತಿರಲಿಲ್ಲ.