ಆರು ಮೊಟ್ಟೆಯ ಜಾಗ

ಕಬ್ಬಿಣ ಕತ್ತರಿಸುವುದು ನನಗೆ ಯಾವತ್ತೂ ಕಷ್ಟವಲ್ಲ. ಗುರುತು ಹಾಕಿ ಗ್ಯಾಸ್ ಹಚ್ಚಿದರೆ ಎರಡು ನಿಮಿಷದ ಕೆಲಸ. ಆದರೆ ತಂಡದಿಂದ ಒಬ್ಬ ಮನುಷ್ಯನನ್ನು ತೆಗೆಯಬೇಕಾಗಿ ಬಂದಾಗ ಮಾತ್ರ ಮೂರು ದಿನ ಊಟ ಬಿಟ್ಟು ಒದ್ದಾಡಿದೆ. ಊಟ ಬಿಟ್ಟೆ ಎಂದದ್ದು ಸ್ವಲ್ಪ ಹೆಚ್ಚಾಯಿತು. ಎರಡನೇ ಸಲ ಬಡಿಸಿಕೊಳ್ಳಲಿಲ್ಲ, ಅಷ್ಟೇ.

ನಾನು ಭಾಲ್ಕಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವನು. ಏಳನೇ ತರಗತಿಗೆ ಶಾಲೆ ಬಿಟ್ಟೆ, ಆದರೆ ಅದೇ ಶಾಲೆಯ ಗೇಟು, ಕಿಟಕಿ, ಗಂಟೆ ತೂಗುಹಾಕುವ ಕೊಕ್ಕೆ ಎಲ್ಲ ನನ್ನ ಕೈಯಿಂದಲೇ ಆದವು. ಊರಿನ ಬಾಸ್ಕೆಟ್‌ಬಾಲ್ ಕಂಬ ಮತ್ತು ರಿಂಗು ಕೂಡ. ರಿಂಗು ಕೂಡಿಸಿದ ದಿನ, ಅಳತೆ ಸರಿಯಿದೆಯೋ ನೋಡೋಣವೆಂದು ಒಂದು ಚೆಂಡು ಎಸೆದೆ. ಸೀದಾ ಒಳಗೆ ಬಿತ್ತು. ನೋಡಿದವರು ಚಪ್ಪಾಳೆ ತಟ್ಟಿದರು. ಆ ಒಂದು ಚೆಂಡಿನ ಆಧಾರದ ಮೇಲೆ ಹದಿನೆಂಟು ವರ್ಷ ನಾನು ಭಾಲ್ಕಿ ತಂಡದ ಆಟಗಾರನಾಗಿ ಉಳಿದೆ. ಮ್ಯಾನೇಜರೂ ನಾನೇ. ಬೇರೆಯವರಿಗೆ ಬಿಡುವಿರಲಿಲ್ಲ.

ನಮ್ಮ ಕಡೆ ಆಟಗಾರನಿಗೆ ಸಂಬಳ ಎಂದರೆ ಖುರಾಕು, ಮೈಗೆ ಕಸುವು ಕೊಡುವ ತಿನಿಸು. ಮೊದಲಿನಿಂದ ಕುಸ್ತಿ ಪೈಲ್ವಾನರಿಗೆ ಹಾಲು, ತುಪ್ಪ ಕೊಟ್ಟು ಸಾಕುವ ರೂಢಿ; ಅದೇ ಬಾಸ್ಕೆಟ್‌ಬಾಲಿಗೂ ಬಂತು. ಆದರೆ ಮಳೆ ಕೈಕೊಟ್ಟ ಆ ವರ್ಷಗಳಲ್ಲಿ ಮೇವಿಲ್ಲದೆ ಎಮ್ಮೆಗಳೇ ಹಾಲು ನಿಲ್ಲಿಸಿದ್ದವು. ಉಳಿದದ್ದು ಮೊಟ್ಟೆ. ಬೀದರದ ತಂಡದ ಹಿಂದೆ ಅಂಗಡಿಕಾರರಿದ್ದರು. ಅವರು ಬುಟ್ಟಿಗಟ್ಟಲೆ ಮೊಟ್ಟೆ ತೋರಿಸಿ ಎತ್ತರದ ಹುಡುಗರನ್ನೆಲ್ಲ ಎಳೆದುಕೊಳ್ಳತೊಡಗಿದರು. ಗದ್ದಲವಾಯಿತು. ಕೊನೆಗೆ ಟೂರ್ನಮೆಂಟ್ ಕಮಿಟಿಯವರು ಕಾನೂನು ಮಾಡಿದರು: ಒಂದು ತಂಡಕ್ಕೆ ದಿನಕ್ಕೆ ಒಂದೇ ಟ್ರೇ, ಅಂದರೆ ಮೂವತ್ತು ಮೊಟ್ಟೆ. ಅದರೊಳಗೆ ಯಾರಿಗೆ ಎಷ್ಟು ಬೇಕಾದರೂ ಹಂಚಿಕೊಳ್ಳಿ, ಮೂವತ್ತೊಂದಾದರೆ ತಂಡ ಹೊರಗೆ.

ಇದನ್ನು ಪರೀಕ್ಷಿಸಲು ಒಬ್ಬ ನಿವೃತ್ತ ಡ್ರಿಲ್ ಮಾಸ್ತರರು ಬೀದರದಿಂದ ಮೊದಲ ಬಸ್ಸಿಗೆ ಬಂದು ಸಿಪ್ಪೆ ಎಣಿಸುತ್ತಿದ್ದರು. ಮೂರು ಮೊಟ್ಟೆ ಹೆಚ್ಚಿಗೆ ಬೇಯಿಸಿ, ಸಿಪ್ಪೆಯನ್ನು ತುಳಸಿ ಕಟ್ಟೆಯಲ್ಲಿ ಹೂತಿಟ್ಟ ಮ್ಯಾನೇಜರ್ ಒಬ್ಬನಿದ್ದ. ಹೆಸರು ಬೇಡ. ಮಾಸ್ತರರು ಕಡ್ಡಿಯಿಂದ ಮಣ್ಣು ಕೆದಕಿ, "ತುಳಸಿಗೂ ಖುರಾಕೇನ್ರಿ?" ಎಂದು ಕೇಳಿದಾಗ ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅದು ಮೊದಲ ತಪ್ಪೆಂದು ಬಿಟ್ಟರು.

ಹೀಗಿರುವಾಗ ಔರಾದ ತಂಡ ಒಡೆಯಿತು. ಆಟಗಾರರೆಲ್ಲ ಹೈದರಾಬಾದಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿ, ಕೋರ್ಟಿನಲ್ಲಿ ಆಡುಗಳು ಮಲಗುತ್ತಿದ್ದವು. ಅವರಲ್ಲಿ ಗೌತಮ ಎಂಬವನು ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಊರಿಗೆ ಬಂದಿದ್ದ. ಆರು ಅಡಿ ನಾಲ್ಕು ಇಂಚು. ಈಗ ಯಾವ ತಂಡಕ್ಕೂ ಸೇರಿದವನಲ್ಲ, ಕೇಳಿದವರ ಕಡೆ ಬರಬಹುದು. ಸುದ್ದಿ ತಿಳಿದ ದಿನವೇ ಅಂಗಡಿ ಮುಚ್ಚಿ ಔರಾದ ಬಸ್ಸು ಹತ್ತಿದೆ.

"ಬರ್ತೇನಿ ಕಾಕಾ," ಎಂದ ಅವನು, ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಹೊರಬರುತ್ತ. "ಬೀದರದವ್ರು ನಾಕ ಮೊಟ್ಟಿ ಅಂದಾರ. ನನಗ ಆರ ಬೇಕ್ರಿ. ನಾಕ ನಾ ತಿಂತೇನಿ, ಎರಡ ಅವ್ವಗ. ಆಗಲ್ಲ ಅಂದ್ರ ಹೇಳಿಬಿಡ್ರಿ, ಶನಿವಾರ ಹೈದರಾಬಾದ ಬಸ್ ಹತ್ತತೇನಿ."

ಆಗಲ್ಲ ಎನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಆಗ್ತದ ಎಂದೆ.

ವಾಪಸು ಬರುವಾಗ ಭಾಲ್ಕಿ ಮುಟ್ಟುವ ತನಕ ಬೆರಳು ಮಡಿಚಿದೆ. ಐದು ಐದರಂತೆ ಮೂವರಿಗೆ ಹದಿನೈದು. ಒಬ್ಬ ಬದಲಿ ಆಟಗಾರ, ಅವನಿಗೆ ಮೂರು. ಹೆಂಡತಿಯ ತಮ್ಮ ಶಿವರಾಜನಿಗೆ ಆರು. ನನಗೆ ಆರು. ಟ್ರೇ ಭರ್ತಿ. ಆರು ಮೊಟ್ಟೆಯ ಜಾಗ ಮಾಡಬೇಕಾದರೆ ಒಬ್ಬ ಹೋಗಬೇಕು. ಯಾರು ಎಂಬುದು ನನಗೆ ತಕ್ಷಣ ಹೊಳೆಯಿತು: ಶಿವರಾಜ. ಹುಡುಗ ಚೆನ್ನಾಗಿ ಆಡುತ್ತಾನೆ, ನಿಜ. ಆದರೆ ಅನುಭವ ಕಡಿಮೆ.

ಮರುದಿನ ಬೆಳಿಗ್ಗೆ ಹೆಂಡತಿ ಒಲೆಯ ಮೇಲೆ ಮೊಟ್ಟೆ ಬೇಯಿಸುತ್ತಿದ್ದಳು. ಬೇಯಿಸಿದ ನೀರನ್ನು ಚೆಲ್ಲದೆ ಆರಿಸಿ ಪಾತ್ರೆ ಬೆಳಗುವ ಕಾಲ ಅದು. ಶಿವರಾಜನೂ ಅಲ್ಲೇ ಕೂತಿದ್ದ. ನಾನು ಗಂಟಲು ಸರಿಮಾಡಿಕೊಂಡು, ತಂಡದ ಹಿತ, ಊರಿನ ಮರ್ಯಾದೆ, ತ್ಯಾಗ ಎಂದೆಲ್ಲ ಸುತ್ತಿ ಬಳಸಿ ವಿಷಯಕ್ಕೆ ಬಂದೆ.

ಶಿವರಾಜ ತಲೆ ತಗ್ಗಿಸಿದ. "ಹಂಗಾದ್ರ ನಾನೇ ಗೌತಮನ ಬದಲಿ ಹೈದರಾಬಾದಿಗಿ ಹೋಗ್ತೇನಿ ಮಾಮಾ. ಇಲ್ಲಿ ಆಟ ಅದ ಅಂತ ನಿಂತಿದ್ದೆ."

ಹೆಂಡತಿ ಸೌಟು ಕೆಳಗಿಟ್ಟಳು. ಸಿಟ್ಟಾಗಲಿಲ್ಲ, ಅದೇ ಭಯ.

"ಒಂದ ಮಾತು ಕೇಳ್ತೇನಿ. ಹೋದ ವರ್ಷ ಶಿವು ಎಷ್ಟ ಬಾಲ್ ಹಾಕ್ಯಾನ್ರಿ?"

"ಲೆಕ್ಕ ಇಟ್ಟಿಲ್ಲ. ಭಾಳ."

"ನೀವು?"

"ನಂದು ಡಿಫೆನ್ಸ್. ಅದು ಎಣಸ್ಲಿಕ್ಕಿ ಬರಲ್ಲ."

"ಮೊಟ್ಟಿ ಎಣಸ್ಲಿಕ್ಕಿ ಬರ್ತದಲ್ರಿ. ದಿನಾ ಆರ ಸುಲದು ಕೊಡಾಕಿ ನಾನೇ."

"ಆ ರಿಂಗ್ ಹಚ್ಚಿದವ್ರು ಯಾರು?"

"ನೀವೇ. ದವಾಖಾನಿ ಖಾಟ್ ಮಾಡಿದವ್ರೂ ನೀವೇ. ಅಲ್ಲೇನು ದಿನಾ ಹೋಗಿ ಮಕ್ಕೊಂತೀರೇನು?"

ಶಿವರಾಜ ನಗಬಾರದೆಂದು ಗೋಡೆಯ ಕಡೆ ತಿರುಗಿದ. ಅವನ ಬೆನ್ನು ನಕ್ಕಿತು. ನಾನು ಎದ್ದು ಅಂಗಡಿಗೆ ಹೋದೆ. ಒಂದು ಗೇಟಿನ ಕೀಲನ್ನು ತಲೆಕೆಳಗಾಗಿ ಬೆಸೆದೆ. ಕಸುಬಿನಲ್ಲಿ ಅಂಥ ತಪ್ಪು ನನ್ನಿಂದ ಆಗುವುದಿಲ್ಲ. ಕೀಲು ಬಿಚ್ಚುತ್ತ ಕೂತಾಗ ಯೋಚಿಸಿದೆ: ನಲವತ್ತಾರು ವಯಸ್ಸು, ಹೋದ ವರ್ಷ ಕೋರ್ಟಿನ ಆ ತುದಿಯಿಂದ ಈ ತುದಿಗೆ ನಾನು ಬಂದು ಮುಟ್ಟುವಷ್ಟರಲ್ಲಿ ಆಟ ಮತ್ತೆ ಆ ತುದಿಗೆ ಹೋಗಿರುತ್ತಿತ್ತು. ಒಬ್ಬ ಹುಡುಗ ಊರಲ್ಲಿ ಉಳಿಯಲೆಂದು ಇನ್ನೊಬ್ಬನನ್ನು ಊರು ಬಿಡಿಸಿದರೆ ನಾನು ಮಾಡಿದ್ದೇನು?

ಶುಕ್ರವಾರ ಬೀದರಕ್ಕೆ ಹೋಗಿ ಮಾಸ್ತರರಿಂದ ಬಿಡುಗಡೆ ಫಾರ್ಮು ಇಸಿದುಕೊಂಡೆ. ಅದಕ್ಕೆ ಎರಡು ಸಹಿ ಬೇಕು: ಬಿಡುವ ಮ್ಯಾನೇಜರನದು, ಬಿಡಿಸಿಕೊಳ್ಳುವ ಆಟಗಾರನದು. ಎರಡೂ ನಾನೇ ಹಾಕಬೇಕು. ಮ್ಯಾನೇಜರನ ಸಹಿ ಗಟ್ಟಿಯಾಗಿ ಬಂತು. ಆಟಗಾರನ ಜಾಗಕ್ಕೆ ಬಂದಾಗ ಪೆನ್ನು ಸ್ವಲ್ಪ ತಡೆಯಿತು. ಮ್ಯಾನೇಜರನ ಮುಖ ನೋಡಿ ಅವನೂ ಹಾಕಿದ.

"ಷರಾ ಏನಾರ ಬರೀತೀರೇನ್ರಿ?" ಎಂದು ಮಾಸ್ತರರು ಕೇಳಿದರು.

ನಾನು ದುಂಡಗೆ ಬರೆದೆ: "ಆಟಗಾರ ಪ್ರಾಮಾಣಿಕ, ಅನುಭವಸ್ಥ. ಬೇರೆ ತಂಡದವರು ಕೇಳಿದರೆ ಕಳಿಸಲು ನಮ್ಮ ಅಭ್ಯಂತರವಿಲ್ಲ."

ಮಾಸ್ತರರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಯಾರಾರ ಕೇಳ್ಯಾರೇನ್ರಿ?"

"ಇನ್ನಾ ಇಲ್ರಿ. ಸುದ್ದಿ ಈಗ ತಾನೇ ಹೊರಗ ಬಿದ್ದದ."

ಆ ವರ್ಷ ಗೌತಮ ಮತ್ತು ಶಿವರಾಜ ಕೂಡಿ ಬೀದರದವರನ್ನು ಸೋಲಿಸಿದರು. ಗೌತಮನ ತಾಯಿ ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಬಂದು ಆಟ ನೋಡಿದಳು. ಊರೆಲ್ಲ ನನ್ನ ಹಂಚಿಕೆಯನ್ನು ಹೊಗಳಿತು. ಆದರೆ ಅಂಗಡಿಯ ಮುಂದೆ ಯಾವುದಾದರೂ ಹೊಸ ಜೀಪು ನಿಂತರೆ ನಾನು ಮೊದಲು ಹೊಟ್ಟೆ ಒಳಗೆ ಎಳೆದುಕೊಂಡು ನೆಟ್ಟಗೆ ನಿಲ್ಲುತ್ತೇನೆ. ಇಲ್ಲಿಯ ತನಕ ಬಂದವರೆಲ್ಲ ಗೇಟು ಮಾಡಿಸಲಿಕ್ಕೇ ಬಂದಿದ್ದಾರೆ.